ಪ್ರಬಂಧಸಾರದ ಲಕ್ಷಣವಿಚಾರ

೧

ವಿದ್ವತ್ಸಮ್ಮೇಳನದಲ್ಲಿ ಓದತಕ್ಕ ಪ್ರಬಂಧದ ಸಾರವನ್ನು ಮುಂಚಿತವಾಗಿ ಬರೆದು ಕಳುಹಿಸಬೇಕೆಂಬ ನಿಯಮವು ಈ ದೇಶದಲ್ಲಿ ಹೊಸದಲ್ಲ. ೧೯೧೯ರಲ್ಲಿ ಪುಣೆಯಲ್ಲಿ ಮೊದಲ ಸಲ ನೆರೆದ ಅಖಿಲ ಭಾರತ ಪ್ರಾಚ್ಯವಿದ್ಯಾ ಪರಿಷತ್ತು ಮುಂದೆ ಊರಿಂದೂರಿಗೆ ಅಧಿವೇಶನಗಳನ್ನು ನಡೆಸುತ್ತ ಬಂದಂತೆ, ಪ್ರಬಂಧಗಳ ಸಾರಗಳನ್ನು ಒಟ್ಟುಗೂಡಿಸಿ ಮುದ್ರಿಸುವ ಪದ್ಧತಿಯೂ ಬೆಳೆದುಬಂದಿತು. ಇಂದು ಸಣ್ಣ ಕಾಲೇಜಿನ ವಿಚಾರಸಂಕಿರಣವೂ ಸಾರವನ್ನು ಕೇಳದೆ ಪ್ರಬಂಧವನ್ನು ಸ್ವೀಕರಿಸುವುದಿಲ್ಲ. ಹೀಗಿದ್ದರೂ, ಪ್ರಬಂಧಗಳ ಗುಣದೋಷಗಳನ್ನು ಕುರಿತು ನಡೆದಿರುವಷ್ಟು ವಿಮರ್ಶೆಯು ಈ ಸಾರವನ್ನು ಕುರಿತು ನಡೆದಿಲ್ಲ. ಅದನ್ನು ಅರ್ಜಿಯೊಡನೆ ಲಗತ್ತಿಸುವ ಕಾಗದವೆಂದು ಭಾವಿಸುವುದೇ ವಾಡಿಕೆಯಾಗಿದೆ. ಅದೂ ಒಂದು ಬರವಣಿಗೆಯ ಜಾತಿ, ಅದಕ್ಕೂ ಲಕ್ಷಣವುಂಟು, ದೋಷವುಂಟು ಎಂಬುದು ಮರೆತುಹೋಗಿದೆ.

ಈ ಮರೆವಿನಿಂದ ಆಗುವ ನಷ್ಟವು ಎಲ್ಲರಿಗೂ ಸಮನಾದುದಲ್ಲ. ಹೆಸರಾಂತ ಪಂಡಿತನ ಸಾರವು ಸಡಿಲವಾಗಿದ್ದರೂ ಅವನ ಕೀರ್ತಿಯು ಅದನ್ನು ಹೊತ್ತು ನಡೆಯುತ್ತದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರಿನಂಥ ಊರಿನಲ್ಲಿ, ತೆಂಗಿನ ತೋಟಗಳ ನಡುವೆ ಪಾಠ ಹೇಳಿಕೊಂಡಿರುವ ಅಧ್ಯಾಪಕನಿಗೆ ಆ ಬೆಂಬಲವಿಲ್ಲ. ಪರೀಕ್ಷಕರ ಮುಂದೆ ಅವನ ಪರವಾಗಿ ನಿಲ್ಲುವುದು ಒಂದು ಪುಟದ ಬರಹ ಮಾತ್ರ. ಅವನ ಸುತ್ತ ಕೇಳಿಬರುವ ಮಾತು, ತೋಟದ ಕೆಲಸದ ಶಬ್ದಗಳು, ಗುಡಿಯ ಮುಂದಣ ಶಾಸನಶಿಲೆ, ಇವುಗಳನ್ನು ಅವನಷ್ಟು ಬಲ್ಲವರು ಬೇರೆಯವರಿರಲಾರರು. ಆ ಬಲ್ಮೆಯು ಸಾರದ ದೋಷದಿಂದ ಬಾಗಿಲಲ್ಲಿಯೇ ನಿಂತುಹೋದರೆ, ಕೆಡುಕು ಅವನೊಬ್ಬನದಾಗದೆ ಶಾಸ್ತ್ರದ್ದೂ ಆಗುತ್ತದೆ.

೨

ದೋಷವು ಯಾವ ಬಗೆಯದೆಂಬುದನ್ನು ತಿಳಿಯಲು ಮಾದರಿಗಾಗಿ ಕಲ್ಪಿಸಿದ ಒಂದು ಸಾರವನ್ನು ನೋಡಬಹುದು. ‘ದ್ರಾವಿಡ ಭಾಷೆಗಳಲ್ಲಿ ಕನ್ನಡವು ಬಹು ಪ್ರಾಚೀನವೂ ಸಂಪನ್ನವೂ ಆದುದು. ಅದರ ಸ್ವರಗಳು ಕಾಲಕ್ರಮದಲ್ಲಿ ನಾನಾ ವ್ಯತ್ಯಾಸಗಳನ್ನು ಹೊಂದಿವೆ. ಈ ವಿಷಯದಲ್ಲಿ ವಿದ್ವಾಂಸರೊಳಗೆ ಮತಭೇದವುಂಟು. ಪ್ರಕೃತ ಪ್ರಬಂಧದಲ್ಲಿ ಇವೆಲ್ಲವನ್ನೂ ಕೂಲಂಕಷವಾಗಿ ಚರ್ಚಿಸಿ ಕೆಲವು ಹೊಸ ಅಂಶಗಳನ್ನು ಬೆಳಕಿಗೆ ತರಲಾಗುವುದು.’

ಇದರಲ್ಲಿ ವ್ಯಾಕರಣದ ತಪ್ಪಿಲ್ಲ, ಸುಳ್ಳೂ ಇಲ್ಲ. ಆದರೆ ‘ಕನ್ನಡ’ ಎಂಬಲ್ಲಿ ‘ತೆಲುಗು’ ಎಂದೂ ‘ಸ್ವರ’ ಎಂಬಲ್ಲಿ ‘ವ್ಯಂಜನ’ ಎಂದೂ ತಿದ್ದಿದರೆ, ಮಿಕ್ಕ ಮಾತುಗಳಲ್ಲಿ ಒಂದಕ್ಷರವನ್ನೂ ಬದಲಾಯಿಸಬೇಕಾಗುವುದಿಲ್ಲ. ಯಾವ ಬರಹದಲ್ಲಿ ವಿಷಯವನ್ನು ಕಿತ್ತು ಬೇರೊಂದನ್ನು ನೆಟ್ಟರೂ ವಾಕ್ಯಗಳು ಅಲುಗುವುದಿಲ್ಲವೋ, ಆ ಬರಹಕ್ಕೆ ವಿಷಯದೊಡನೆ ಸಂಬಂಧವೇ ಇರಲಿಲ್ಲವೆಂದು ಅರ್ಥ. ಸಾರವನ್ನು ಪರೀಕ್ಷಿಸುವುದಕ್ಕೆ ಇದಕ್ಕಿಂತ ಸುಲಭವಾದ ಒರೆಗಲ್ಲು ಇಲ್ಲ. ‘ಹೊಸ ಅಂಶಗಳು’ ಎಂಬ ಮಾತಿನಲ್ಲಿ ಹೊಸದು ಯಾವುದೆಂಬುದನ್ನು ಬಚ್ಚಿಟ್ಟಿರುವುದಂತೂ ವಿಶೇಷವಾದ ದೋಷ. ಕಥೆಯ ಕೊನೆಯನ್ನು ಬಚ್ಚಿಡುವುದು ಕಥೆಗಾರನಿಗೆ ಒಪ್ಪುತ್ತದೆ. ಶೋಧಕನಿಗೆ ಅದು ಒಪ್ಪುವುದಿಲ್ಲ.

೩

ಶಾಸ್ತ್ರಗ್ರಂಥಗಳ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಹೇಳುವ ಸಂಪ್ರದಾಯವು ಪ್ರಾಚೀನರಲ್ಲಿತ್ತು. ಈಗಣ ಪ್ರಬಂಧಸಾರಗಳು ಬಹುಮಟ್ಟಿಗೆ ಈ ಮಾರ್ಗವನ್ನೇ ಅರಿಯದೆ ಹಿಡಿದಿವೆ. ಅದರಲ್ಲಿಯೂ ವಿಷಯವೊಂದನ್ನೇ ಹೇಳಿ ನಿಲ್ಲುತ್ತವೆ. ಆದರೆ ಅನುಬಂಧಚತುಷ್ಟಯವು ಪೀಠಿಕೆಗೆ ಸಲ್ಲುವ ಕ್ರಮ. ಪೀಠಿಕೆಯನ್ನು ಓದುವವನ ಕೈಯಲ್ಲಿ ಗ್ರಂಥವೂ ಇರುತ್ತದೆ. ಆದುದರಿಂದ ಅವನನ್ನು ಒಳಕ್ಕೆ ಕರೆದರೆ ಸಾಕು. ಸಾರವನ್ನು ಓದುವವನ ಮುಂದೆ ಗ್ರಂಥವಿಲ್ಲ. ಅವನನ್ನು ಕರೆದರೆ ಸಾಲದು, ಒಪ್ಪಿಸಬೇಕು.

ಒಪ್ಪಿಸುವ ಕ್ರಮವನ್ನು ನೈಯಾಯಿಕರು ಬೇರೆಡೆಯಲ್ಲಿ ಹೇಳಿದ್ದಾರೆ. ಪ್ರತಿಜ್ಞೆ, ಹೇತು, ಉದಾಹರಣ, ಉಪನಯ, ನಿಗಮನ ಎಂಬ ಐದು ಅವಯವಗಳುಳ್ಳ ವಾಕ್ಯವೇ ಅದು. ಬೆಟ್ಟದಲ್ಲಿ ಬೆಂಕಿಯುಂಟು, ಏಕೆಂದರೆ ಹೊಗೆ ಕಾಣುತ್ತದೆ, ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡಿಗೆಯ ಮನೆಯಲ್ಲಿರುವಂತೆ, ಈ ಬೆಟ್ಟದಲ್ಲಿಯೂ ಅಂಥ ಹೊಗೆಯುಂಟು, ಆದುದರಿಂದ ಬೆಂಕಿಯುಂಟು. ಪ್ರಬಂಧಸಾರದಲ್ಲಿ ಈ ಐದನ್ನೂ ಬಿಡಿಬಿಡಿಯಾಗಿ ತೋರಿಸಬೇಕೆಂದಲ್ಲ. ಮೊದಲ ಮೂರಾದರೂ ಇರಬೇಕು: ಏನನ್ನು ಸಾಧಿಸಲಾಗಿದೆ, ಯಾವುದರ ಬಲದಿಂದ, ಯಾವ ನಿದರ್ಶನದಿಂದ. ಮೇಲೆ ಕಲ್ಪಿಸಿದ ಸಾರವನ್ನು ಈ ದೃಷ್ಟಿಯಿಂದ ನೋಡಿದರೆ, ‘ಬೆಟ್ಟವನ್ನು ಕುರಿತು ಚರ್ಚಿಸಲಾಗುವುದು’ ಎಂದಷ್ಟೇ ಹೇಳಿದಂತಾಗಿದೆ. ಬೆಂಕಿಯುಂಟೆಂದೂ ಇಲ್ಲ, ಹೊಗೆ ಕಂಡಿತೆಂದೂ ಇಲ್ಲ.

೪

ಈ ವಿಚಾರಕ್ಕೆ ತಕ್ಕ ನಿದರ್ಶನವು ಹುಳಿಯಾರಿನ ಸೀಮೆಯಲ್ಲಿಯೇ ಉಂಟು. ತೀ. ನಂ. ಶ್ರೀಕಂಠಯ್ಯನವರು (೧೯೦೬–೧೯೬೬) ಹುಟ್ಟಿದ ತೀರ್ಥಪುರವು ಇದೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿಗೆ ಸೇರಿದುದು. ಅವರ ಹೆಸರಿನ ಮೊದಲ ಅಕ್ಷರವೇ ಆ ಊರಿನ ಗುರುತು. ೧೯೩೫ರ ಡಿಸೆಂಬರಿನಲ್ಲಿ ಮೈಸೂರಿನಲ್ಲಿ ಸೇರಿದ ಪ್ರಾಚ್ಯವಿದ್ಯಾ ಪರಿಷತ್ತಿನ ಎಂಟನೆಯ ಅಧಿವೇಶನಕ್ಕೆ ಅವರು ಇಂಗ್ಲಿಷಿನಲ್ಲಿ ಒಪ್ಪಿಸಿದ ಪ್ರಬಂಧದ ವಿಷಯವು ಕನ್ನಡದಲ್ಲಿ ಇ, ಉ, ಎ, ಒ ಸ್ವರಗಳ ವ್ಯತ್ಯಯ. ಅಧಿವೇಶನದ ವರದಿಗಳ ಸಂಪುಟದಲ್ಲಿ ಅದು ಸುಮಾರು ಮೂವತ್ತು ಪುಟಗಳನ್ನು ವ್ಯಾಪಿಸಿದೆ. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ ವಯಸ್ಸು. ಪ್ರಬಂಧದ ಶೀರ್ಷಿಕೆಯನ್ನೇ ಗಮನಿಸಬೇಕು. ಸ್ವರಗಳೆಲ್ಲವೂ ಅಲ್ಲ, ನಾಲ್ಕು. ದ್ರಾವಿಡ ಭಾಷೆಗಳೆಲ್ಲವೂ ಅಲ್ಲ, ಕನ್ನಡ. ಚರಿತ್ರೆಯೆಲ್ಲವೂ ಅಲ್ಲ, ಒಂದು ವ್ಯತ್ಯಯ. ಎಲ್ಲೆಯನ್ನು ಹೀಗೆ ಗೊತ್ತುಮಾಡಿಕೊಂಡುದರಿಂದಲೇ ಒಳಗಣ ಕೆಲಸವು ಆಳಕ್ಕೆ ಹೋಗಲು ಸಾಧ್ಯವಾಗುತ್ತದೆ.

ಈ ವಿಷಯವನ್ನೇ ಇಂದು ಹುಳಿಯಾರಿನ ಅಧ್ಯಾಪಕನೊಬ್ಬನು ಕೈಕೊಳ್ಳುವನೆಂದು ಭಾವಿಸೋಣ. ಅವನಿಗೆ ಬೇಕಾದ ನಿದರ್ಶನಗಳು ಅವನ ಮನೆಯ ಹಿಂದೆಯೇ ಇವೆ. ತೋಟದಲ್ಲಿ ಇಳಿಸುವ ಎಳನೀರು ತಮಿಳಿನಲ್ಲಿ ‘ಇಳನೀರ್’. ಅಲ್ಲಿಯ ಎಲೆ ‘ಇಲೈ’. ಕೊಬ್ಬರಿಗೆ ಪೇಟೆಯಲ್ಲಿ ಕಟ್ಟುವ ಬೆಲೆ ‘ವಿಲೈ’. ತೋಟವಿರುವ ನೆಲ ‘ನಿಲಂ’. ಬಿಸಿಲಿಗೆ ಹಿಡಿಯುವ ಕೊಡೆ ‘ಕುಡೈ’. ಮುಂದಿನ ಅಕ್ಷರದಲ್ಲಿ ಅಕಾರವಾಗಲಿ, ತಮಿಳಿನ ಐಕಾರಕ್ಕೆ ಸಾಟಿಯಾದ ಎಕಾರವಾಗಲಿ ಇದ್ದರೆ, ತಮಿಳಿನ ಇ, ಉಗಳಿಗೆ ಎದುರಾಗಿ ಕನ್ನಡದಲ್ಲಿ ಎ, ಒಗಳು ನಿಲ್ಲುತ್ತವೆ.

ಇದಕ್ಕೆ ವಿಲೋಮವಾದ ಇನ್ನೊಂದು ಕ್ರಮವುಂಟು. ತಮಿಳಿನ ‘ಚೆವಿ’ಗೆ ಕನ್ನಡದಲ್ಲಿ ‘ಕಿವಿ’. ‘ಬೆಳ್’ ಎಂಬುದರಿಂದ ‘ಬಿಳಿ’, ‘ಬಿಳುಪು’. ಇಲ್ಲಿ ಮುಂದಿನ ಅಕ್ಷರದ ಇಕಾರ ಉಕಾರಗಳು ಹಿಂದಿನ ಎಕಾರವನ್ನು ಇಕಾರವಾಗಿ ಮಾರ್ಪಡಿಸಿವೆ. ಆದರೆ ‘ಬೆಳ್ಳಿ’ ಎಂಬಲ್ಲಿ ಮುಂದೆ ಇಕಾರವಿದ್ದರೂ ಎಕಾರವು ಕೆಟ್ಟಿಲ್ಲ. ನಡುವೆ ದ್ವಿತ್ವವು ಅಡ್ಡವಾಗಿ ನಿಂತಿದೆ. ಹಳಗನ್ನಡವನ್ನು ಪಾಠ ಹೇಳುವವರಿಗೆಲ್ಲ ಪರಿಚಿತವಾದ ಒಂದು ತೊಡಕು ಇದರಿಂದ ಬಿಡುತ್ತದೆ. ‘ಕುಡು’ ಎಂಬ ಧಾತುವಿಗೆ ‘ಕೊಟ್ಟು’ ಎಂದೂ ‘ಕಿಡು’ ಎಂಬುದಕ್ಕೆ ‘ಕೆಟ್ಟು’ ಎಂದೂ ‘ತುಡು’ ಎಂಬುದಕ್ಕೆ ‘ತೊಟ್ಟು’ ಎಂದೂ ಏಕಾಯಿತೆಂದು ವಿದ್ಯಾರ್ಥಿಗಳು ಕೇಳುವುದುಂಟು. ತಮಿಳಿನಲ್ಲಿ ಇವು ‘ಕೊಡು’, ‘ಕೆಡು’, ‘ತೊಡು’ ಎಂದೇ ಇವೆ. ಒತ್ತಕ್ಷರವಿಲ್ಲದೆಡೆಯಲ್ಲಿ ಉಕಾರವು ಹಿಂದಿನ ಸ್ವರವನ್ನು ಮಾರ್ಪಡಿಸಿತು. ಒತ್ತಕ್ಷರವಿದ್ದೆಡೆಯಲ್ಲಿ ಹಳೆಯ ಸ್ವರವು ಉಳಿಯಿತು. ಅಪವಾದವೆಂದು ತೋರುತ್ತಿದ್ದುದು ನಿಯಮವೇ ಆಗಿದೆ.

ಇಷ್ಟನ್ನು ಸಾರವಾಗಿ ಬರೆಯುವುದಾದರೆ ಹೀಗೆ ಬರೆಯಬಹುದು: ‘ಕನ್ನಡ ಶಬ್ದಗಳ ಮೊದಲ ಅಕ್ಷರದ ಹ್ರಸ್ವ ಎ, ಒಗಳು, ಮುಂದೆ ಒತ್ತಿಲ್ಲದ ವ್ಯಂಜನವೂ ಅದರ ಮೇಲೆ ಇ ಅಥವಾ ಉ ಸ್ವರವೂ ಇದ್ದಾಗ, ಹಳಗನ್ನಡದಲ್ಲಿ ಇ, ಉಗಳಾಗಿ ಮಾರ್ಪಟ್ಟವೆಂದು ಇಲ್ಲಿ ಸಾಧಿಸಲಾಗಿದೆ. ಕುಡು–ಕೊಟ್ಟು, ಕಿಡು–ಕೆಟ್ಟು ಮೊದಲಾದ ಧಾತುರೂಪಗಳೂ ತಮಿಳಿನ ಸಾಟಿ ಶಬ್ದಗಳೂ ಆಧಾರ. ಪುಗು–ಪೊಕ್ಕು ಎಂಬುದು ಈ ನಿಯಮಕ್ಕೆ ನೇರವಾಗಿ ಒಳಪಡುವುದಿಲ್ಲ. ಅದನ್ನು ಬೇರೆಯಾಗಿ ವಿಚಾರಿಸಿದೆ.’ ನಾಲ್ಕೇ ವಾಕ್ಯಗಳು. ಇದರಲ್ಲಿ ‘ಕನ್ನಡ’ವನ್ನು ಕಿತ್ತು ‘ತೆಲುಗ’ನ್ನು ನೆಡಲು ಬರುವುದಿಲ್ಲ.

೫

ಈ ಮಾದರಿಯ ಕೊನೆಯ ವಾಕ್ಯವು ಹಲವರಿಗೆ ಅನಾವಶ್ಯಕವೆಂದು ತೋರಬಹುದು. ತನ್ನ ವಾದಕ್ಕೆ ಒಗ್ಗದ ಶಬ್ದವನ್ನು ತಾನಾಗಿಯೇ ಪರೀಕ್ಷಕರ ಮುಂದಿಡುವುದು ಏತಕ್ಕೆ? ಉತ್ತರವಿಷ್ಟೆ: ಬಲ್ಲ ಪರೀಕ್ಷಕನಿಗೆ ಆ ಶಬ್ದವು ಹೇಗೂ ನೆನಪಾಗುತ್ತದೆ. ‘ಪುಗು’ವಿನ ಭೂತರೂಪವು ತಮಿಳಿನಲ್ಲಿ ‘ಪುಕ್ಕು’. ಆದುದರಿಂದ ಕನ್ನಡದ ‘ಪೊಕ್ಕು’ವಿನ ಒಕಾರವು ಹಳೆಯದು ಉಳಿದುದೆಂದು ಹೇಳಲು ಬಾರದು, ‘ಕುಡು–ಕೊಟ್ಟು’ ಮುಂತಾದವುಗಳ ಸಾದೃಶ್ಯದಿಂದ ಬಂದುದೆನ್ನಬೇಕಾಗುತ್ತದೆ. ಇದನ್ನು ಹೇಳದ ಸಾರಕ್ಕೆ ಅತಿವ್ಯಾಪ್ತಿಯ ದೋಷ ತಟ್ಟುತ್ತದೆ. ಹೇಳಿದ ಸಾರವು ಲೇಖಕನ ಎಚ್ಚರಕ್ಕೆ ಸಾಕ್ಷಿಯಾಗುತ್ತದೆ.

ಕಂಡುದನ್ನೂ ಊಹಿಸಿದುದನ್ನೂ ಬೇರೆಯಾಗಿಡುವುದು ಇನ್ನೊಂದು ಲಕ್ಷಣ. ‘ಇಳನೀರ್’, ‘ಎಳನೀರು’ ಎಂಬಲ್ಲಿ ತಮಿಳಿನ ಇಕಾರಕ್ಕೆ ಕನ್ನಡದ ಎಕಾರವು ಸಾಟಿಯೆಂಬುದು ಕಂಡ ಸಂಗತಿ. ಇಕಾರವೇ ಎಕಾರವಾಯಿತೆಂಬುದು ತೀರ್ಮಾನ. ಈ ಸ್ಥಾನದಲ್ಲಿ ಮೂಲದ ಎರಡು ಸ್ವರಗಳು ಬೆರೆತುಹೋಗಿರುವುದರಿಂದ, ಯಾವುದು ಮೊದಲಿನದೆಂದು ತಮಿಳು ಕನ್ನಡಗಳೆರಡರಿಂದಲೇ ನಿರ್ಣಯಿಸಲಾಗದು. ಇತರ ದ್ರಾವಿಡ ಭಾಷೆಗಳ ಸಾಕ್ಷ್ಯವೂ ಬೇಕು. ೧೯೪೦ರಲ್ಲಿ ಟಿ. ಬರೋ ಅವರೂ ೧೯೫೮ರಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರೂ ಈ ಸ್ವರವಿನಿಮಯವನ್ನೇ ತೆಗೆದುಕೊಂಡು ದಕ್ಷಿಣ ದ್ರಾವಿಡದ ವಿಸ್ತಾರದಲ್ಲಿ ವಿಚಾರಿಸಿದರು. ಮೈಸೂರಿನ ಅಧಿವೇಶನದ ಪ್ರಬಂಧವು ಇಂದಿಗೂ ತೌಲನಿಕ ವ್ಯಾಕರಣದಲ್ಲಿ ಉಲ್ಲೇಖಕ್ಕೆ ಪಾತ್ರವಾಗಿದೆ. ವಿಷಯವು ಖಚಿತವಾಗಿದ್ದರೆ ಮುಂದಿನವರು ಒಪ್ಪುವುದಕ್ಕೂ ತಿದ್ದುವುದಕ್ಕೂ ಎಡೆಯಿರುತ್ತದೆ. ‘ಕೆಲವು ಹೊಸ ಅಂಶಗಳ’ನ್ನು ಯಾರೂ ತಿದ್ದಲಾರರು.

೬

ಇಲ್ಲಿ ಒಂದು ಆಕ್ಷೇಪವುಂಟು. ಸಾರವನ್ನು ಕೇಳುವುದು ಅಧಿವೇಶನಕ್ಕೆ ತಿಂಗಳುಗಳ ಮುಂಚೆ. ಆ ವೇಳೆಗೆ ಕೆಲಸವೇ ಮುಗಿದಿರುವುದಿಲ್ಲ. ಫಲವನ್ನು ಹೇಗೆ ಹೇಳುವುದು? ಈ ಆಕ್ಷೇಪದಲ್ಲಿ ಹುರುಳಿದೆ. ತೆಂಗಿನ ನಾಡಿನವರು ಉಂಡೆ ಕೊಬ್ಬರಿಗಾಗಿ ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತಾರೆ. ಒಳಗಣ ನೀರು ಇಂಗಿ, ಕೊಬ್ಬರಿಯು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಸದ್ದಾಗುವ ತನಕ ಸುಲಿಯುವುದಿಲ್ಲ. ಶೋಧನೆಯೂ ಮಾಗಬೇಕಾದುದೇ ಸರಿ. ಆದರೆ ಅರ್ಧ ಮಾಗಿದುದನ್ನು ಪೂರ್ತಿ ಮಾಗಿತೆಂದು ಹೇಳುವುದೂ, ಏನನ್ನೂ ಹೇಳದೆ ಸಂಭ್ರಮದ ಮಾತುಗಳಿಂದ ಮುಚ್ಚುವುದೂ ಪರಿಹಾರವಲ್ಲ. ‘ಇಷ್ಟು ಶಬ್ದಗಳನ್ನು ಪರೀಕ್ಷಿಸಿದೆ, ಇಷ್ಟರಲ್ಲಿ ನಿಯಮವು ನಿಂತಿದೆ, ಶಾಸನಗಳ ಪರಿಶೀಲನೆ ಮುಗಿದಿಲ್ಲ’ ಎಂದು ಬರೆಯುವುದರಲ್ಲಿ ಹೀನಾಯವೇನೂ ಇಲ್ಲ. ಅಂಥ ಸಾರವನ್ನು ನಿರಾಕರಿಸಿ ಆಡಂಬರದ ಸಾರವನ್ನು ಒಪ್ಪುವ ಪರೀಕ್ಷಕರಿದ್ದರೆ ತಪ್ಪು ಅವರದು. ಲಕ್ಷಣವನ್ನು ಲೇಖಕರು ತಿಳಿದರೆ ಸಾಲದು, ಆಯ್ದುಕೊಳ್ಳುವವರೂ ತಿಳಿಯಬೇಕು.

ಭಾಷೆಯ ಮಾತು ಇನ್ನೊಂದು. ಕನ್ನಡದ ಸ್ವರಗಳನ್ನು ಕುರಿತ ಪ್ರಬಂಧವನ್ನು ೧೯೩೫ರಲ್ಲಿ ಇಂಗ್ಲಿಷಿನಲ್ಲಿ ಬರೆದುದು, ನಾನಾ ಪ್ರಾಂತಗಳ ವಿದ್ವಾಂಸರ ಸಭೆಗೆ ತಕ್ಕುದೇ ಆಗಿತ್ತು. ಕನ್ನಡಿಗರೇ ಸೇರಿ ಕನ್ನಡವನ್ನು ಕುರಿತು ನಡೆಸುವ ಸಮ್ಮೇಳನಕ್ಕೂ ಸಾರವು ಇಂಗ್ಲಿಷಿನಲ್ಲಿಯೇ ಇರಬೇಕೆಂದರೆ, ಬಲ್ಲುದನ್ನು ಬಲ್ಲ ಮಾತಿನಲ್ಲಿ ಹೇಳಲಾರದೆ, ಲೇಖಕನು ಯಾರೋ ಬಳಸಿ ಸವೆದ ವಾಕ್ಯಗಳನ್ನು ಎರವಲು ತರುತ್ತಾನೆ. ಸಾರಗಳಲ್ಲಿ ಕಾಣುವ ಶೂನ್ಯತೆಗೆ ಅರ್ಧ ಕಾರಣವು ಈ ಎರವಲೇ ಇರಬೇಕು.

ಇದೇ ತೆಂಗಿನ ಸೀಮೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ೧೮೮೪ರಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ೧೯೧೧ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಮಾಡಿದ ಉಪನ್ಯಾಸಕ್ಕೆ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂದು ಹೆಸರಿಟ್ಟರು. ವಿಷಯವು ಯಾವುದು, ಆಗಬೇಕಾದುದು ಏನು, ವಿಚಾರವು ಯಾವುದರ ಮೇಲೆ ನಡೆಯುತ್ತದೆ ಎಂಬ ಮೂರೂ ಆ ನಾಲ್ಕು ಪದಗಳಲ್ಲಿ ಅಡಗಿವೆ. ಅವುಗಳಲ್ಲಿ ಒಂದೂ ಅಲಂಕಾರಕ್ಕಾಗಿ ಬಂದುದಲ್ಲ. ನಾಲ್ಕು ಪದಗಳಲ್ಲಿ ಸಾಧ್ಯವಾದುದು ಒಂದು ಪುಟದಲ್ಲಿ ಅಸಾಧ್ಯವಾಗಬೇಕಾಗಿಲ್ಲ. ಹುಳಿಯಾರಿನ ಅಧ್ಯಾಪಕನು ತನ್ನ ಎಳನೀರನ್ನೂ ಬೆಲೆಯನ್ನೂ ಪ್ರತಿಜ್ಞೆ, ಹೇತು, ಉದಾಹರಣೆಗಳೊಡನೆ ಸಭೆಯ ಮುಂದಿಟ್ಟರೆ, ಅವನ ಊರು ಯಾವುದೆಂದು ಕೇಳುವ ಅಗತ್ಯವು ಸಭೆಗೆ ಬೀಳುವುದಿಲ್ಲ.