ವಿಡಿಯೊ ತಂತ್ರಾಂಶದಲ್ಲಿ ಸ್ಥಿರಚಿತ್ರ: ತಿದ್ದುವುದು ಬಣ್ಣವನ್ನೋ, ದಾಖಲೆಯನ್ನೋ?

ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಅಂಟಿಸಿರುವ ಛಾಯಾಚಿತ್ರಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಕೆಲವದರಲ್ಲಿ ನೆರಳೆಲ್ಲ ನೀಲಿಹಸಿರು, ಬೆಳಕೆಲ್ಲ ಕಿತ್ತಳೆ. ಸಿನಿಮಾ ಪರದೆಯ ಮೇಲೆ ನಾವು ಮೆಚ್ಚುವ ಈ ಬಣ್ಣ ಈಗ ಹುರುಳಿ ಮೊಳಕೆಯ ಚಿತ್ರಕ್ಕೂ ಬಂದಿದೆ. ಡಾವಿಂಚಿ ರಿಸಾಲ್ವ್‌ನಂಥ ವಿಡಿಯೊ ಸಂಕಲನ ತಂತ್ರಾಂಶಗಳು ಉಚಿತವಾಗಿಯೂ ದೊರೆಯುವುದರಿಂದ, ಸ್ಥಿರಚಿತ್ರಗಳನ್ನೂ ಅದರಲ್ಲೇ ತಿದ್ದುವ ರೂಢಿ ಬೆಳೆಯುತ್ತಿದೆ. ವಿಜ್ಞಾನದ ಕೆಲಸಕ್ಕೆ ಇದು ಸೂಕ್ತವೇ? ಗುಣದೋಷಗಳನ್ನು ತೂಗಿ ನೋಡೋಣ.

ಹುಟ್ಟಿದ್ದು ಕಥೆಗಾಗಿ

ಈ ಸಾಧನಗಳು ಹುಟ್ಟಿದ್ದು ಸಿನಿಮಾ ಮತ್ತು ದೂರದರ್ಶನದ ಅಗತ್ಯಕ್ಕೆ. 1980ರ ದಶಕದಲ್ಲಿ ಬಂದ ಡಾವಿಂಚಿ ಯಂತ್ರಗಳು ದೊಡ್ಡ ಸ್ಟುಡಿಯೊಗಳಿಗೆ ಮಾತ್ರ ಎಟಕುವಂತಿದ್ದವು. 2009ರಲ್ಲಿ ಆಸ್ಟ್ರೇಲಿಯದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಸಂಸ್ಥೆ ಅದರ ತಯಾರಕರನ್ನು ಕೊಂಡ ನಂತರ ಈ ಸೌಲಭ್ಯ ಸಾಮಾನ್ಯ ಗಣಕಕ್ಕೂ ಬಂತು.

ಡಿಜಿಟಲ್ ಬಣ್ಣಗಾರಿಕೆಯ ಶಕ್ತಿಯನ್ನು ಅರಿಯಲು 2000ದಲ್ಲಿ ಬಂದ ‘ಓ ಬ್ರದರ್, ವೇರ್ ಆರ್ಟ್ ದೌ?’ ಚಿತ್ರ ಒಳ್ಳೆಯ ಉದಾಹರಣೆ. ಬೇಸಿಗೆಯಲ್ಲೂ ಹಚ್ಚಹಸಿರಾಗಿದ್ದ ಮಿಸಿಸಿಪಿಯಲ್ಲಿ ಚಿತ್ರೀಕರಣ ನಡೆಯಿತು. ಛಾಯಾಗ್ರಾಹಕ ರಾಜರ್ ಡೀಕಿನ್ಸ್ ಆ ಹಸಿರನ್ನು ಒಣಹುಲ್ಲಿನ ಹಳದಿಗೆ ತಿರುಗಿಸಿದರು. ಕಥೆಗೆ ಅದು ಬೇಕಿತ್ತು, ಕಲೆಯಾಗಿ ಅದು ಗೆದ್ದಿತು. ಆದರೆ ಅದೇ ಎಲೆ ನಿಮ್ಮ ಸಸ್ಯಶಾಸ್ತ್ರದ ದಾಖಲೆಯಲ್ಲಿದ್ದರೆ? ಹಳದಿ ಎಲೆಯನ್ನು ಕಂಡವರು ಸಾರಜನಕದ ಕೊರತೆ ಎಂದೇ ಊಹಿಸಿಯಾರು!

ಮೆಚ್ಚಬೇಕಾದ ಗುಣ

ಇಷ್ಟಾದರೂ ಈ ತಂತ್ರಾಂಶಗಳಿಂದ ವಿಜ್ಞಾನದ ವಿದ್ಯಾರ್ಥಿ ಕಲಿಯಬೇಕಾದ ದೊಡ್ಡ ಪಾಠವೊಂದಿದೆ: ಕಣ್ಣನ್ನು ನಂಬಬೇಡಿ, ಅಳೆಯಿರಿ. ನಮ್ಮ ಕಣ್ಣು ಸುತ್ತಲಿನ ಬೆಳಕಿಗೆ ಬೇಗ ಹೊಂದಿಕೊಳ್ಳುತ್ತದೆ. ಬಲ್ಬಿನ ಹಳದಿ ಬೆಳಕಿನಲ್ಲೂ ಕಾಗದ ನಮಗೆ ಬೆಳ್ಳಗೇ ಕಾಣುತ್ತದೆ. ಹಾಗಾಗಿಯೇ ವಿಡಿಯೊ ತಂತ್ರಜ್ಞರು ತೆರೆಯ ಪಕ್ಕದಲ್ಲಿ ಅಳತೆಯ ನಕ್ಷೆಗಳನ್ನು ಇಟ್ಟುಕೊಳ್ಳುತ್ತಾರೆ.

ಫೋಟೊ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಸಿಗುವ ಹಿಸ್ಟೊಗ್ರಾಂ, ಯಾವ ಹೊಳಪಿನ ಪಿಕ್ಸೆಲ್‌ಗಳು ಎಷ್ಟಿವೆ ಎಂದಷ್ಟೇ ಹೇಳುತ್ತದೆ. ಅವು ಎಲ್ಲಿವೆ ಎಂದು ಹೇಳುವುದಿಲ್ಲ. ವಿಡಿಯೊದ ವೇವ್‌ಫಾರ್ಮ್ ನಕ್ಷೆಯಲ್ಲಾದರೋ ಚಿತ್ರದ ಎಡಬಲ ಸ್ಥಾನ ಹಾಗೆಯೇ ಉಳಿದಿರುತ್ತದೆ. ಮೇಜಿನ ಬಲತುದಿಗೆ ಬೆಳಕು ಕಡಿಮೆ ಬಿದ್ದಿದ್ದರೆ ಅಲ್ಲಿಯೇ ಇಳಿಜಾರು ಕಾಣುತ್ತದೆ. ಪೆರೇಡ್ ನಕ್ಷೆಯಲ್ಲಿ ಕೆಂಪು, ಹಸಿರು, ನೀಲಿ ಬೇರೆಬೇರೆಯಾಗಿ ನಿಲ್ಲುತ್ತವೆ. ಚಿತ್ರದಲ್ಲಿ ಒಂದು ಬೂದು ಬಣ್ಣದ ಕಾರ್ಡ್ ಇದ್ದರೆ ಮೂರರಲ್ಲೂ ಅದರ ಎತ್ತರ ಸಮನಾಗಿರಬೇಕು. ಇಲ್ಲವಾದರೆ ಬೆಳಕಿನ ಬಣ್ಣ ಸೇರಿಕೊಂಡಿದೆ ಎಂದರ್ಥ. ಹತ್ತು ದಿನ ತೆಗೆದ ಮೊಳಕೆಯ ಚಿತ್ರಗಳನ್ನು ಒಂದೇ ಮಟ್ಟಕ್ಕೆ ತರಲು ಇದಕ್ಕಿಂತ ಅನುಕೂಲವಾದ ದಾರಿ ಅಪರೂಪ.

ಒಪ್ಪಲಾಗದ ದೋಷಗಳು

ಮೊದಲನೆಯದು ವಿವರದ ನಷ್ಟ. 6000×4000 ಅಳತೆಯ ಚಿತ್ರದಲ್ಲಿ 2.4 ಕೋಟಿ ಪಿಕ್ಸೆಲ್‌ಗಳಿವೆ. ಟೈಮ್‌ಲೈನನ್ನು 3840×2160ಕ್ಕೆ ಇಟ್ಟು ಇಡೀ ಚಿತ್ರವನ್ನು ಅದರೊಳಗೆ ಕೂರಿಸಿದರೆ ಉಳಿಯುವುದು 3240×2160, ಅಂದರೆ ಸುಮಾರು 70 ಲಕ್ಷ. ಹತ್ತರಲ್ಲಿ ಏಳು ಪಾಲು ಹೋಯಿತು! ತೆರೆಯ ಮೇಲೆ ಇದು ತಿಳಿಯುವುದಿಲ್ಲ. ಕೀಟದ ರೆಕ್ಕೆಯ ನರಗಳನ್ನು ಎಣಿಸಹೊರಟಾಗ ತಿಳಿಯುತ್ತದೆ.

ಎರಡನೆಯದು ಹೊಳಪಿನ ವ್ಯತ್ಯಾಸ. ಗಣಕದ ತೆರೆಗೆ ಸಾಮಾನ್ಯವಾಗಿ ಗ್ಯಾಮಾ 2.2ರ ಆಸುಪಾಸಿನಲ್ಲಿದ್ದರೆ, ಟಿವಿ ಕಾರ್ಯಕ್ರಮ ತಯಾರಿಕೆಯಲ್ಲಿ 2.4 ಬಳಕೆಯಲ್ಲಿದೆ. ಅರ್ಧ ಬೆಲೆಯ ಪಿಕ್ಸೆಲ್ ಮೊದಲನೆಯದರಲ್ಲಿ ಗರಿಷ್ಠ ಬೆಳಕಿನ ಶೇಕಡ 22ರಷ್ಟನ್ನು, ಎರಡನೆಯದರಲ್ಲಿ ಶೇಕಡ 19ರಷ್ಟನ್ನು ಕೊಡುತ್ತದೆ. ಒಂದಕ್ಕಾಗಿ ತಿದ್ದಿದ್ದು ಇನ್ನೊಂದರಲ್ಲಿ ಬೇರೆಯಾಗಿ ಕಾಣುವುದು ಸಹಜ. ಇದರ ಜೊತೆಗೆ ಕ್ಯಾಮೆರಾ ಬರೆದಿಟ್ಟ ದಿನಾಂಕ, ಎಕ್ಸ್‌ಪೋಶರ್ ಮುಂತಾದ ಮಾಹಿತಿ ವಿಡಿಯೊ ಚೌಕಟ್ಟಿನ ಮೂಲಕ ಹಾಯ್ದು ಬರುವಾಗ ಬಹುಮಟ್ಟಿಗೆ ಕಳೆದುಹೋಗುತ್ತದೆ.

ಮೂರನೆಯದೇ ಗಂಭೀರ. ಒಂದೇ ಬಣ್ಣವನ್ನು ಆರಿಸಿ, ಅದನ್ನಷ್ಟೇ ಬದಲಿಸುವುದು ಈ ತಂತ್ರಾಂಶಗಳ ಹೆಗ್ಗಳಿಕೆ. ವಿಜ್ಞಾನದ ಶಿಸ್ತಿಗೆ ಇದು ನೇರ ವಿರುದ್ಧ. ‘ಜರ್ನಲ್ ಆಫ್ ಸೆಲ್ ಬಯಾಲಜಿ’ಯಲ್ಲಿ 2004ರಲ್ಲಿ ಮೈಕ್ ರಾಸ್ನರ್ ಮತ್ತು ಕೆನೆತ್ ಯಮಾಡ ವಿವರಿಸಿದ ನಿಯಮ ಸರಳವಾಗಿದೆ: ಹೊಳಪು, ಕಾಂಟ್ರಾಸ್ಟ್, ಬಣ್ಣಗಳನ್ನು ಇಡೀ ಚಿತ್ರಕ್ಕೆ ಸಮನಾಗಿ ಹೊಂದಿಸಬಹುದು, ಮೂಲದಲ್ಲಿದ್ದ ಮಾಹಿತಿಯನ್ನು ಮರೆಮಾಚಬಾರದು. ಸಿದ್ಧ ‘ಸಿನಿಮಾ ಬಣ್ಣ’ವನ್ನು ಇಡೀ ಚಿತ್ರಕ್ಕೇ ಹಚ್ಚಿದರೂ ನಿಯಮದ ಎರಡನೆಯ ಭಾಗ ಮುರಿಯಬಹುದು. ನೆರಳಿನ ಕಂದು ಚುಕ್ಕೆ ನೀಲಿಹಸಿರಿನಲ್ಲಿ ಮುಳುಗಿದರೆ ರೋಗಲಕ್ಷಣವೇ ಮಾಯ.

ಮಂಗಳನ ಆಕಾಶದ ಪಾಠ

ನುರಿತ ತಜ್ಞರೂ ಇಲ್ಲಿ ಎಡವಿದ್ದಾರೆ. 1976ರ ಜುಲೈನಲ್ಲಿ ವೈಕಿಂಗ್-1 ನೌಕೆ ಮಂಗಳದ ನೆಲದಿಂದ ಕಳಿಸಿದ ಮೊದಲ ವರ್ಣಚಿತ್ರವನ್ನು ಅವಸರದಲ್ಲಿ ಸಿದ್ಧಪಡಿಸಿದಾಗ ಆಕಾಶ ನೀಲಿಯಾಗಿತ್ತು. ಭೂಮಿಯ ಕಣ್ಣಿಗೆ ಅದು ಸಹಜವಾಗಿಯೇ ತೋರಿತು. ಬಳಿಕ ನೌಕೆಯ ಮೇಲೆಯೇ ಇದ್ದ ಬಣ್ಣದ ಪಟ್ಟಿಗಳಿಗೆ ಹೋಲಿಸಿ ಸರಿಪಡಿಸಿದಾಗ ಆಕಾಶ ನಸುಗುಲಾಬಿಯಾಯಿತು. ಗಾಳಿಯಲ್ಲಿ ತೇಲುವ ಧೂಳು ಅದಕ್ಕೆ ಕಾರಣ. ಸಹಜವೆಂದು ತೋರಿದ್ದು ತಪ್ಪಾಗಿತ್ತು, ವಿಚಿತ್ರವೆಂದು ತೋರಿದ್ದು ನಿಜವಾಗಿತ್ತು. ನಿಜವನ್ನು ಉಳಿಸಿದ್ದು ಬಣ್ಣದ ಆ ಸಣ್ಣ ಪಟ್ಟಿಗಳು.

ಆದ್ದರಿಂದ ಶಿಕ್ಷಕರೇ, ಈ ತಂತ್ರಾಂಶವನ್ನು ತರಗತಿಯಿಂದ ಹೊರಗಿಡಬೇಕಾಗಿಲ್ಲ. ಅದರ ಅಳತೆಯ ನಕ್ಷೆಗಳನ್ನು ಬಳಸಿ, ಸಿದ್ಧ ಬಣ್ಣಗಳನ್ನು ಬಿಡಿ. ಪ್ರತಿ ಚಿತ್ರದಲ್ಲೂ ಒಂದು ಬೂದು ಕಾರ್ಡ್ ಇರಲಿ. ತಿದ್ದಿದ ಚಿತ್ರದ ಕೆಳಗೆ ಏನು ತಿದ್ದಿದ್ದೆಂದು ಒಂದು ಸಾಲು ಬರೆಸಿ, ಮೂಲವನ್ನು ಅಳಿಸದೆ ಜೋಪಾನವಾಗಿಡಿ. ಮುಂದಿನ ಸಲ ‘ಬಣ್ಣ ಚೆನ್ನಾಗಿದೆ’ ಎಂದು ವಿದ್ಯಾರ್ಥಿಯನ್ನು ಹೊಗಳುವ ಮುನ್ನ ‘ಮೂಲ ಎಲ್ಲಿದೆ?’ ಎಂದು ಕೇಳಿ.