ಕಮಲನಗರದಿಂದ ಹಿಂದಕ್ಕೆ

ಔರಾದ್ ತಾಲ್ಲೂಕಿನಲ್ಲಿದ್ದ ಕಮಲನಗರ 2018ರಲ್ಲಿ ತಾನೇ ಒಂದು ತಾಲ್ಲೂಕಾಯಿತು. ಬೀದರ್ ಜಿಲ್ಲೆಯ ನಕಾಶೆ, ಹಳೆಯ ಫೋಟೊಗಳನ್ನು ನಾನು ಲಿನಕ್ಸ್ ಕಂಪ್ಯೂಟರಿನಲ್ಲಿ ತಾಲ್ಲೂಕುವಾರು ಫೋಲ್ಡರ್ ಮಾಡಿ ಇಟ್ಟಿದ್ದೇನೆ. ಹೊಸ ತಾಲ್ಲೂಕಾದ ಮೇಲೆ, ಔರಾದ್ ಫೋಲ್ಡರಿನ ಒಳಗಿದ್ದ ಕಮಲನಗರವನ್ನು ತೆಗೆದು ಭಾಲ್ಕಿಯ ಪಕ್ಕ, ನೇರವಾಗಿ ಬೀದರ್ ಕೆಳಗೆ ತಂದಿಟ್ಟೆ. ಹಳೆಯ ವಿಳಾಸ ಕೆಡಬಾರದೆಂದು ಔರಾದ್‌ನಲ್ಲಿ ಅದೇ ಹೆಸರಿನ ಸಿಮ್‌ಲಿಂಕ್ ಬಿಟ್ಟೆ. ಸಿಮ್‌ಲಿಂಕ್ ಎಂದರೆ ಇನ್ನೊಂದು ಜಾಗದ ವಿಳಾಸವನ್ನಷ್ಟೇ ಹೊತ್ತ ಪುಟ್ಟ ಫೈಲ್.

ಈಗ ಔರಾದ್ ಮೂಲಕ ಕಮಲನಗರದೊಳಗೆ ಹೋಗಿ. ಎರಡು ಚುಕ್ಕೆ ಎಂದರೆ ಒಂದು ಮೆಟ್ಟಿಲು ಮೇಲಿನ ಫೋಲ್ಡರ್. ಅಲ್ಲಿಂದ ಫೋಲ್ಡರ್ ಬದಲಿಸುವ ಕಮಾಂಡ್ ಬಳಸಿ ‘ಸಿಡಿ ..’ ಎಂದರೆ ಔರಾದ್‌ಗೆ ಮರಳುತ್ತೀರಿ. ಅದರ ಬದಲು, ಪಟ್ಟಿ ತೋರಿಸುವ ಕಮಾಂಡ್ ಬಳಸಿ ‘ಎಲ್‌ಎಸ್ ..’ ಎಂದು ನೋಡಿ. ತೆರೆಯ ಮೇಲೆ ಬರುವುದು ಔರಾದ್‌ನ ಪಟ್ಟಿಯಲ್ಲ. ಭಾಲ್ಕಿ, ಹುಮನಾಬಾದ್, ಬಸವಕಲ್ಯಾಣಗಳಿರುವ ಬೀದರ್ ಪಟ್ಟಿ. ಅವೇ ಎರಡು ಚುಕ್ಕೆಗಳಿಗೆ ಎರಡು ಉತ್ತರ!

ಟೈಪಿಸಿದ ಕಮಾಂಡ್ ಓದಿ ನಡೆಸುವ ಬ್ಯಾಶ್ ಶೆಲ್ ನೀವು ಬಂದ ದಾರಿಯನ್ನು ನೆನಪಿಟ್ಟಿರುತ್ತದೆ. ‘ಸಿಡಿ ..’ ಎಂದಾಗ ಆ ದಾರಿಯ ಕೊನೆಯ ಹೆಸರನ್ನು ಕಿತ್ತುಹಾಕುತ್ತದೆ. ಎಲ್‌ಎಸ್, ನಕಲು ಮಾಡುವ ಸಿಪಿ, ಅಳಿಸುವ ಆರ್‌ಎಂ ಕಮಾಂಡ್‌ಗಳು ಕೇಳುವುದು ಲಿನಕ್ಸ್‌ನ ತಿರುಳಾದ ಕರ್ನಲ್ ಅನ್ನು. ಫೋಲ್ಡರ್ ನಿಜಕ್ಕೂ ಯಾವುದರೊಳಗಿದೆ ಎಂಬುದನ್ನಷ್ಟೇ ಕರ್ನಲ್ ನೋಡುತ್ತದೆ. ಸಿಮ್‌ಲಿಂಕ್ 1983ರ 4.2 ಬಿಎಸ್‌ಡಿ ಯುನಿಕ್ಸ್‌ನಲ್ಲಿ ಬಂತು. ದಾರಿ ನೆನಪಿಡುವ ರೂಢಿಯನ್ನು ಹಾಕಿಕೊಟ್ಟದ್ದು ಡೇವಿಡ್ ಕಾರ್ನ್ ಅವರ ಕಾರ್ನ್ ಶೆಲ್. ಬೆಲ್ ಲ್ಯಾಬ್ಸ್‌ನ ರಾಬ್ ಪೈಕ್ 2000ದಲ್ಲಿ ಈ ಎರಡು ಚುಕ್ಕೆಗಳ ಮೇಲೆಯೇ ಒಂದು ಪ್ರಬಂಧ ಬರೆದರು. ಅವರ ಪ್ಲಾನ್ 9 ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಬಂದ ದಾರಿಯನ್ನು ಕರ್ನಲ್ಲೇ ನೆನಪಿಡುತ್ತದೆ, ಹಾಗಾಗಿ ಎಲ್ಲ ಕಮಾಂಡ್‌ಗಳದೂ ಒಂದೇ ಮಾತು. ನನಗೆ ಒಪ್ಪಿಗೆಯಾದ ಪರಿಹಾರ ಅದೇ.

ಲಿನಕ್ಸ್‌ನಲ್ಲಿ ಆ ಅನುಕೂಲವಿಲ್ಲ. ಬಂದ ದಾರಿಯಲ್ಲೇ ಮರಳುವುದು ಹಿತವೆನಿಸುತ್ತದೆ, ನಿಜ. ಆದರೆ ಔರಾದ್‌ಗೆಂದು ‘ಸಿಪಿ’ ಮಾಡಿದ ನಕಾಶೆ ಬೀದರ್‌ನಲ್ಲಿ ಹೋಗಿ ಬಿದ್ದರೆ ಹುಡುಕಿ ತರಬಹುದು. ‘ಆರ್‌ಎಂ’ ಹಾಗೆ ದಾರಿ ತಪ್ಪಿದರೆ ಹುಡುಕಲು ಏನು ಉಳಿದಿರುತ್ತದೆ? ಆದ್ದರಿಂದ ಲಿನಕ್ಸ್ ಮಟ್ಟಿಗೆ ನನ್ನ ಮತ ಕರ್ನಲ್ ತೋರಿಸುವ ಅಸಲಿ ದಾರಿಗೆ.

ಬ್ಯಾಶ್‌ನಲ್ಲಿ ‘ಸೆಟ್ -ಪಿ’ ಎಂದು ಕೊಟ್ಟರೆ ಸಿಡಿಯೂ ಅದೇ ದಾರಿ ಹಿಡಿಯುತ್ತದೆ, ಪಿ ದೊಡ್ಡಕ್ಷರದಲ್ಲಿರಲಿ. ಬೀದರ್, ಭಾಲ್ಕಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಲಿನಕ್ಸ್ ಕಲಿಯುತ್ತಿರುವವರು ಈ ಸಾಲನ್ನು ಇಂದೇ ‘.ಬ್ಯಾಶ್‌ಆರ್‌ಸಿ’ ಫೈಲಿಗೆ ಸೇರಿಸಿಕೊಳ್ಳಿ. ಬೇರೆಯವರ ಕಂಪ್ಯೂಟರಿನಲ್ಲಿ ಕೂತಾಗ, ಏನನ್ನಾದರೂ ಅಳಿಸುವ ಮೊದಲು ‘ಪಿಡಬ್ಲ್ಯುಡಿ -ಪಿ’ (ಇಲ್ಲೂ ದೊಡ್ಡಕ್ಷರದ ಪಿ) ಹಾಕಿ, ನಿಂತಿರುವುದು ಎಲ್ಲಿ ಎಂದು ನೋಡಿಕೊಳ್ಳಿ.