ಚಪ್ಪರದ ಬರಹಕ್ಕೆ ಓದುಗರು ಬೇಕು

ನಲಿ-ಕಲಿ ಕೋಣೆಗೆ ಹೋದರೆ ಕಣ್ಣು ಮೊದಲು ನಿಲ್ಲುವುದು ಚಪ್ಪರದ ಮೇಲೆ. ಗೋಡೆಯಿಂದ ಗೋಡೆಗೆ ಕಟ್ಟಿದ ದಾರ, ಅದರಲ್ಲಿ ತೂಗುವ ಮಕ್ಕಳ ಚಿತ್ರ, ಅಕ್ಷರ, ನಾಲ್ಕು ಸಾಲಿನ ಬರಹ. ರಿಷಿವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆ ವಿಸ್ತರಿಸಿತು. ಅದರ ಕಲಿಕಾ ಏಣಿ, ಕಾರ್ಡು, ತಟ್ಟೆಗಳ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಚಪ್ಪರವನ್ನು ಮಾತ್ರ ಅಲಂಕಾರದ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗಿದ್ದೇವೆ. ನನ್ನ ಮಟ್ಟಿಗೆ ಇಡೀ ಪದ್ಧತಿಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಅದೇ.

ನೋಟುಬುಕ್ಕಿನಲ್ಲಿ ಬರೆದದ್ದನ್ನು ನೋಡುವವರು ಶಿಕ್ಷಕರೊಬ್ಬರೇ. ಒಂದು ಸರಿ ಗುರುತು ಬಿದ್ದರೆ ಅದರ ಕೆಲಸ ಮುಗಿಯಿತು. ಚಪ್ಪರಕ್ಕೆ ಏರಿದ ಹಾಳೆಯನ್ನು ಗೆಳೆಯರು ಓದಬಹುದು, ಮನೆಯವರು ಬಂದು ನೋಡಬಹುದು. ತಾನು ಬರೆದದ್ದನ್ನು ಯಾರೋ ಓದುತ್ತಾರೆಂಬ ನಂಬಿಕೆ ಹುಟ್ಟಿದ ಮಗು ಮುಂದಿನ ಸಾಲನ್ನು ತಾನಾಗಿಯೇ ಬರೆಯುತ್ತದೆ.

ಈ ನಂಬಿಕೆಯನ್ನು ಆಚರಣೆ ಬಹಳ ಕಡೆ ಕೆಡಿಸಿದೆ. ಹಾಳೆಗಳು ದೊಡ್ಡವರ ತಲೆಯ ಮೇಲೆ ತೂಗುತ್ತವೆ. ಪೆನ್ಸಿಲ್ಲಿನ ಅಕ್ಷರ ಮೂರಡಿಯ ಮಗುವಿಗೆ ಕಾಣುವುದೇ ಇಲ್ಲ. ಬೋರ್ಡಿನಿಂದ ಇಳಿಸಿಕೊಂಡ ‘ನನ್ನ ಶಾಲೆ’ಯ ಅದೇ ಐದು ಸಾಲು ಎಲ್ಲ ಹಾಳೆಗಳಲ್ಲೂ. ಅಧಿಕಾರಿಗಳ ಭೇಟಿಗೆಂದು ಕಟ್ಟಿದ್ದು ಬಣ್ಣಗೆಟ್ಟರೂ ಇಳಿಯುವುದಿಲ್ಲ.

ಮಕ್ಕಳ ಬಳಿ ಹೇಳಲು ತಮ್ಮದೇ ಮಾತಿಲ್ಲವೆಂದಲ್ಲ. ಮಾನ್ವಿ ಸೀಮೆಯ ಚೀಕಲಪರ್ವಿಯನ್ನೇ ನೋಡಿ. ತುಂಗಭದ್ರೆಯ ದಂಡೆಯ ಊರು, ವಿಜಯದಾಸರ ಊರು. ಜನ ಹಾಡಿಕೊಳ್ಳಬಲ್ಲ ಕನ್ನಡದಲ್ಲಿ ದಾಸರು ಪದ, ಸುಳಾದಿ ಕಟ್ಟಿದ ನೆಲ ಇದು. ಈ ಭಾಗದ ಮಗುವಿಗೆ ಹೇಳಲು ಹೊಳೆ ಇದೆ, ಭತ್ತದ ಗದ್ದೆ ಇದೆ, ಗುಳೆ ಹೋದ ಅಪ್ಪ ಇದ್ದಾನೆ. ‘ನಮ್ಮವ್ವ ಹತ್ತಿ ಬಿಡ್ಸಾಕ ಹೋಗ್ಯಾಳ’ ಎಂದು ಮಗು ಬರೆದರೆ ಅದನ್ನು ಹಾಗೆಯೇ ತೂಗುಹಾಕಬೇಕು. ಅಳಿಸಿ ‘ನನ್ನ ತಾಯಿ ಹತ್ತಿ ಬಿಡಿಸಲು ಹೋಗಿದ್ದಾರೆ’ ಎಂದು ತಿದ್ದಿಸಿದರೆ ವ್ಯಾಕರಣ ಗೆಲ್ಲುತ್ತದೆ, ಅವ್ವ ಕಳೆದುಹೋಗುತ್ತಾಳೆ. ಗ್ರಂಥಭಾಷೆ ಮುಂದೆ ಬಂದೇ ಬರುತ್ತದೆ. ಅದಕ್ಕೆ ಮೂರನೆಯ, ನಾಲ್ಕನೆಯ ತರಗತಿಗಳಿವೆ.

ಹೀಗೆ ಬರೆದದ್ದಕ್ಕೆ ಓದುಗರನ್ನು ಹುಡುಕುವ ದಾರಿಯೂ ಇದೆ. ಫ್ರಾನ್ಸಿನ ಹಳ್ಳಿಮೇಷ್ಟ್ರು ಸೆಲೆಸ್ತಾಂ ಫ್ರೆನೆ 1924ರ ಸುಮಾರಿಗೆ ತರಗತಿಗೇ ಪುಟ್ಟ ಮುದ್ರಣಯಂತ್ರ ತಂದರು. ಮಕ್ಕಳು ತಮ್ಮ ಬರಹಕ್ಕೆ ತಾವೇ ಅಚ್ಚಿನ ಮೊಳೆ ಜೋಡಿಸಿ ದೂರದ ಬ್ರಿಟನಿ ಪ್ರಾಂತ್ಯದ ಶಾಲೆಗೆ ಕಳಿಸಿದರು, ಅಲ್ಲಿಂದ ಉತ್ತರ ಪಡೆದರು. ನಮ್ಮ ಚಪ್ಪರಕ್ಕೆ ಇಲ್ಲದಿರುವುದು ಈ ಉತ್ತರ. ಹೊಳೆದಂಡೆಯ ಮಗು ಕುಂದಾಪುರದ ಕಡಲತಡಿಯ ಮಗುವಿಗೆ ಬರೆಯಲು ಬೇಕಾದದ್ದು ಒಂದು ಲಕೋಟೆ, ಇಬ್ಬರು ಶಿಕ್ಷಕರ ಮನಸ್ಸು.

ಉತ್ತರ ಮನೆಯವರಿಂದಲೂ ಬರಬಹುದು. ಗುಳೆ ಹೋಗಿ ಬೆಂಗಳೂರಿನ ಕಟ್ಟಡ ಕೆಲಸದಲ್ಲಿರುವ ಅಪ್ಪನಿಗೆ ಹಾಳೆಯ ಫೋಟೊ ವಾಟ್ಸಾಪಿನಲ್ಲಿ ಹೋಗಲಿ. ಅವನು ಧ್ವನಿಯಲ್ಲಿ ಕಳಿಸಿದ ಉತ್ತರವನ್ನು ತರಗತಿ ಕೇಳಲಿ. ಆದರೆ ಮಗುವಿನ ಮುಖ, ಪೂರ್ತಿ ಹೆಸರು ಅಪರಿಚಿತರ ಕೈಗೆ ಸಿಗಬಾರದು. ಶಿಕ್ಷಣ ಇಲಾಖೆಯ ವಾಟ್ಸಾಪ್ ಗುಂಪಿಗೆ ಹಾಕುವ ಫೋಟೊಗಳಿಗೂ ಇದೇ ನಿಯಮ ಇರಬೇಕು.

ದಾರವನ್ನು ಮಗುವಿನ ಕಣ್ಣಳತೆಗೆ ಇಳಿಸಿ, ವಾರಕ್ಕೊಮ್ಮೆ ಹಾಳೆ ಬದಲಿಸಿ, ಪ್ರತಿ ಹಾಳೆಯ ಕೆಳಗೆ ಓದಿದವರು ಒಂದು ಸಾಲು ಬರೆಯಲು ಜಾಗ ಬಿಡಿ. ಇದಕ್ಕೆ ಹೊಸ ಯೋಜನೆ ಬೇಡ, ಅನುದಾನವೂ ಬೇಡ. ಮಗು ಹೇಳಿದ್ದನ್ನು ಓದುವ ಪುರುಸೊತ್ತನ್ನು ದೊಡ್ಡವರು ಮಾಡಿಕೊಂಡರೆ ಸಾಕು.